ಊರಿನಲ್ಲಿ ಮಗುವಿನ ಉಸಿರು ನಿಂತರೆ ಆಂಬುಲೆನ್ಸ್ ಬರುವವರೆಗೆ ಏನು ಮಾಡುವುದು? ಅನುಭವವಿದ್ದವರು ತಿಳಿಸಿ

ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಶಿಡ್ಲಘಟ್ಟ ತಾಲ್ಲೂಕು:

ನಮ್ಮ ಶಾಲೆ ಕೆರೆ ಏರಿಯ ಪಕ್ಕದಲ್ಲಿದೆ. ವರ್ಷಗಟ್ಟಲೆ ಬತ್ತಿ, ಜಾಲಿ ಬೆಳೆದು ನಿಂತಿದ್ದ ಕೆರೆ, ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆರೆಗಳಿಗೆ ಹರಿಸುವ ಎಚ್.ಎನ್. ವ್ಯಾಲಿ ಯೋಜನೆಯಿಂದ ತುಂಬಿದೆ. ಊರಿಗೆ ಸಂತೋಷವೇ. ಆದರೆ ಒಣ ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದ ನಮ್ಮ ಮಕ್ಕಳಲ್ಲಿ ಈಜು ಬಲ್ಲವರು ತೀರ ಕಡಿಮೆ. ಹೋದ ಬೇಸಿಗೆಯಲ್ಲಿ ಪಕ್ಕದ ಊರಿನ ಹುಡುಗನೊಬ್ಬ ನೀರಿಗೆ ಬಿದ್ದ. ಮೇಲೆತ್ತಿದವರು ಅವನನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಪಟ್ಟಣಕ್ಕೆ ಓಡಿದರು. ಉಳಿಯಲಿಲ್ಲ. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಆಂಬುಲೆನ್ಸ್ ಬರಲು ಅರ್ಧ ಗಂಟೆಯಾದರೂ ಹಿಡಿಯುವ ಊರಿನಲ್ಲಿ ನಾವೇ ಏನು ಮಾಡಬೇಕು? ಶಿಬಿರಗಳಲ್ಲಿ ದೊಡ್ಡವರಿಗೆಂದು ಕಲಿಸುವ ಸಿಪಿಆರ್ (ಎದೆ ಒತ್ತುವ, ಉಸಿರು ಕೊಡುವ ಪ್ರಥಮ ಚಿಕಿತ್ಸೆ) ಮಕ್ಕಳಿಗೂ ಸರಿಯೇ? ಹತ್ತಿರದ ಆಸ್ಪತ್ರೆಯಲ್ಲಿ ಮಕ್ಕಳಿಗೆ ಬೇಕಾದ ವ್ಯವಸ್ಥೆ ಇದೆಯೇ ಎಂದು ಮೊದಲೇ ತಿಳಿದುಕೊಳ್ಳುವುದು ಹೇಗೆ? ಕಂಡವರು, ಮಾಡಿದವರು ದಯವಿಟ್ಟು ಬರೆಯಿರಿ.

ಆಂಬುಲೆನ್ಸ್ ತಂತ್ರಜ್ಞ, ಕೋಲಾರ ಜಿಲ್ಲೆ:

ಮೇಡಂ, ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ದೊಡ್ಡವರ ಹೃದಯ ಹಠಾತ್ತನೆ ನಿಂತರೆ ಸಾಮಾನ್ಯವಾಗಿ ಹೃದಯದ್ದೇ ತೊಂದರೆ. ಕುಸಿದು ಬಿದ್ದ ಗಳಿಗೆಯಲ್ಲಿ ಅವರ ರಕ್ತದಲ್ಲಿ ಆಮ್ಲಜನಕ ಇನ್ನೂ ಇರುತ್ತದೆ. ಹಾಗಾಗಿ ಮೊದಲ ಕೆಲವು ನಿಮಿಷ ಎದೆ ಒತ್ತುವುದೊಂದೇ ಸಾಕಾಗಬಹುದು. ಮಕ್ಕಳಲ್ಲಿ ಹೆಚ್ಚಿನ ಸಲ ಮೊದಲು ಸೋಲುವುದು ಉಸಿರು. ನೀರಿನಲ್ಲಿ ಮುಳುಗಿದಾಗ, ಗಂಟಲಿನಲ್ಲಿ ಏನಾದರೂ ಸಿಕ್ಕಿಕೊಂಡಾಗ, ನ್ಯುಮೋನಿಯಾ ಬಲಿತಾಗ ಆಮ್ಲಜನಕ ಇಳಿಯುತ್ತ ಹೋಗಿ, ಬಡಿತ ನಿಧಾನವಾಗಿ, ಕೊನೆಗೆ ಹೃದಯ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ರಕ್ತದಲ್ಲಿದ್ದದ್ದೆಲ್ಲ ಖರ್ಚಾಗಿರುತ್ತದೆ. ಆಗ ಬರೀ ಎದೆ ಒತ್ತುವುದೆಂದರೆ ಎಣ್ಣೆ ತೀರಿದ ದೀಪದ ಬತ್ತಿಯನ್ನು ಮೇಲೆತ್ತಿದ ಹಾಗೆ. ಮಗುವಿಗೆ ಉಸಿರು ಕೊಡಲೇಬೇಕು. ಶಿಬಿರಗಳಲ್ಲಿ ಬಾಯಿಗೆ ಬಾಯಿ ಇಡುವುದು ಬೇಡ, ಒತ್ತಿದರೆ ಸಾಕು ಎಂದು ಹೇಳಿಕೊಡುವುದು ದೊಡ್ಡವರನ್ನು ಮನಸ್ಸಿನಲ್ಲಿಟ್ಟುಕೊಂಡು. ಅದನ್ನು ಮಕ್ಕಳಿಗೂ ಅನ್ವಯಿಸುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಈಗ ಕ್ರಮ. ಮಗುವನ್ನು ಗಟ್ಟಿ ನೆಲದ ಮೇಲೆ ಮಲಗಿಸಿ, ತಟ್ಟಿ ಕರೆಯಿರಿ. ಓಗೊಡದಿದ್ದರೆ, ಎದೆ ಏರಿಳಿಯದಿದ್ದರೆ ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರು ಮಾತ್ರ ಬರುತ್ತಿದ್ದರೆ ಉಸಿರಿಲ್ಲವೆಂದೇ ತಿಳಿಯಿರಿ. ಇದನ್ನು ನೋಡಲು ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಮೊಬೈಲನ್ನು ಸ್ಪೀಕರಿಗೆ ಹಾಕಿ 108ಕ್ಕೆ ಕರೆ ಮಾಡಿ ಪಕ್ಕದಲ್ಲಿಡಿ, ಕೈ ಖಾಲಿ ಇರಲಿ. ಮೊಬೈಲ್ ಇಲ್ಲದೆ ಒಬ್ಬರೇ ಇದ್ದರೆ ಎರಡು ನಿಮಿಷ ಸಿಪಿಆರ್ ಮಾಡಿ, ನಂತರ ಜನರನ್ನು ಕರೆಯಲು ಹೋಗಿ.

ಮುಳುಗಿದ ಮಗುವಾದರೆ ಉಸಿರಿನಿಂದಲೇ ಆರಂಭಿಸಿ. ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಹಿಡಿದು, ಎದೆ ಮೇಲೇಳುವುದು ಕಾಣುವಷ್ಟೇ ಊದಿ. ಎರಡು ಸಲ. ಅನಂತರ ಎದೆಯ ಮಧ್ಯದ ಮೂಳೆಯ ಕೆಳಭಾಗದಲ್ಲಿ 30 ಸಲ ಒತ್ತಿ, ಮತ್ತೆ ಎರಡು ಉಸಿರು. ತರಬೇತಿ ಪಡೆದವರು ಇಬ್ಬರಿದ್ದರೆ 15ಕ್ಕೆ ಎರಡು. ವೇಗ ನಿಮಿಷಕ್ಕೆ 100ರಿಂದ 120. ಆಳ ಎದೆಯ ದಪ್ಪದ ಮೂರನೆಯ ಒಂದು ಭಾಗ, ಅಂದರೆ ಮಗುವಿಗೆ ಸುಮಾರು 5 ಸೆಂಟಿಮೀಟರ್, ವರ್ಷದೊಳಗಿನ ಕೂಸಿಗೆ ಸುಮಾರು 4. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಿ. ಕೂಸಾದರೆ ನಿಮ್ಮ ಬಾಯಿ ಅದರ ಮೂಗು ಬಾಯಿ ಎರಡನ್ನೂ ಮುಚ್ಚಬೇಕು, ಕೆನ್ನೆಯಲ್ಲಿ ಹಿಡಿಯುವಷ್ಟು ಗಾಳಿ ಸಾಕು. ಎರಡೂ ಕೈಗಳಿಂದ ಎದೆಯನ್ನು ಬಳಸಿ ಹಿಡಿದು ಹೆಬ್ಬೆರಳುಗಳಿಂದ ಒತ್ತಿ. ಎರಡು ಬೆರಳ ತುದಿಯಿಂದ ಒತ್ತುವ ಹಳೆಯ ವಿಧಾನವನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ತನ್ನ 2025ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ, ಆಳ ಸಿಗುವುದಿಲ್ಲವೆಂದು.

ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ನೀರಿನಿಂದ ಎತ್ತಿದ ಮಗುವನ್ನು ಕಾಲು ಹಿಡಿದು ತಲೆಕೆಳಗು ಮಾಡಿ ತಿರುಗಿಸುತ್ತಾರೆ, ಹೊಟ್ಟೆ ಅದುಮಿ ನೀರು ಕಕ್ಕಿಸಲು ನೋಡುತ್ತಾರೆ. ಹೊಟ್ಟೆಯಿಂದ ಬಂದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ಕಳೆದುಹೋದ ನಿಮಿಷಗಳಂತೂ ಮರಳಿ ಬರುವುದಿಲ್ಲ.

ಬೈಕಿನ ವಿಷಯ. ಓಡಿದವರನ್ನು ನಾನು ದೂರುವುದಿಲ್ಲ, ಕಣ್ಣೆದುರು ಮಗು ಹಾಗೆ ಬಿದ್ದಿರುವಾಗ ಸುಮ್ಮನೆ ಕೂರಲು ಯಾರಿಂದ ಸಾಧ್ಯ? ಆದರೆ ಬೈಕಿನ ಮೇಲೆ ಉಸಿರು ಕೊಡಲು, ಎದೆ ಒತ್ತಲು ಆಗುವುದಿಲ್ಲ. ಆಮ್ಲಜನಕವಿಲ್ಲದೆ ನಾಲ್ಕಾರು ನಿಮಿಷ ಕಳೆದರೆ ಮೆದುಳಿಗೆ ಪೆಟ್ಟು ಬೀಳತೊಡಗುತ್ತದೆ. ಆದ್ದರಿಂದ ಏರಿಯ ಮೇಲೆಯೇ ಆರಂಭಿಸಿ. ಆಂಬುಲೆನ್ಸ್ ಬಹಳ ದೂರದಲ್ಲಿದೆ ಎಂದು 108ರವರೇ ಹೇಳಿದರೆ, ಕಾರಿನ ಹಿಂದಿನ ಸೀಟು ಮಡಚಿ ಅಥವಾ ಗೂಡ್ಸ್ ಆಟೋದಲ್ಲಿ ಮಗುವನ್ನು ಚಪ್ಪಟೆ ಮಲಗಿಸಿ, ಇಬ್ಬರು ಜೊತೆಗೆ ಕುಳಿತು ಬಿಡದೆ ಮಾಡುತ್ತ, ಎದುರಿನಿಂದ ಬರುವ ಆಂಬುಲೆನ್ಸನ್ನು ದಾರಿಯಲ್ಲಿ ಸೇರಿಕೊಳ್ಳಿ. ಓಡುವ ಗಾಡಿಯಲ್ಲಿ ಎದೆ ಒತ್ತುವುದು ಸರಿಯಾಗಿ ಆಗದು, ಅದಕ್ಕೇ ಇದು ಎರಡನೆಯ ದಾರಿ.

ಗೃಹಿಣಿ, ಪಾವಗಡ:

ನಮ್ಮದು ಕಡಲೆಕಾಯಿ ಸೀಮೆ. ಸುಗ್ಗಿಯಲ್ಲಿ ಮನೆಯ ಮೂಲೆಮೂಲೆಯಲ್ಲೂ ಬೀಜ ಬಿದ್ದಿರುತ್ತದೆ. ನನ್ನ ಎರಡನೆಯ ಮಗಳು ಆಗಷ್ಟೇ ಓಡಾಡಲು ಕಲಿತಿದ್ದಳು. ಬೀಜ ಬಾಯಿಗೆ ಹಾಕಿಕೊಂಡು ನಗುತ್ತಿದ್ದವಳು ಇದ್ದಕ್ಕಿದ್ದಂತೆ ಸದ್ದಿಲ್ಲದೆ ಕಣ್ಣರಳಿಸಿದಳು. ಕೆಮ್ಮೂ ಇಲ್ಲ, ಅಳುವೂ ಇಲ್ಲ. ನನ್ನ ನಾದಿನಿ ಆಶಾ ಕಾರ್ಯಕರ್ತೆ. ಅವಳು ಮಗುವನ್ನು ಮುಂದಕ್ಕೆ ಬಾಗಿಸಿ ಬೆನ್ನಿನ ಮೇಲೆ, ಎರಡು ರೆಕ್ಕೆ ಮೂಳೆಗಳ ನಡುವೆ, ಅಂಗೈ ಬುಡದಿಂದ ಜೋರಾಗಿ ಹೊಡೆದಳು. ಬೀಜ ಹಾರಿಬಿತ್ತು. ಆ ಅಳು ಕೇಳಿ ನಾನೂ ಅತ್ತೆ.

ಅವಳು ಹೇಳಿಕೊಟ್ಟದ್ದು: ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿ ನಿಂತರೆ ಬೆನ್ನಿಗೆ ಐದು ಪೆಟ್ಟು, ಬಳಿಕ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ತುಸು ಮೇಲಿನ ಜಾಗದಲ್ಲಿ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತುವುದು. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಲೇಬಾರದು, ಬೆನ್ನಿಗೆ ಐದು, ಎದೆಗೆ ಐದು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ. ಮಗು ಪ್ರಜ್ಞೆ ತಪ್ಪಿದರೆ ಮೇಲೆ ಅಣ್ಣ ಬರೆದ ಸಿಪಿಆರ್. ನಿಮ್ಮ ಕಡೆ ದ್ರಾಕ್ಷಿ ಹೆಚ್ಚು ಅಲ್ಲವೇ ಟೀಚರ್? ಚಿಕ್ಕವರಿಗೆ ಇಡೀ ಹಣ್ಣು ಕೊಡದೆ ಉದ್ದಕ್ಕೆ ಸೀಳಿ ಕೊಡಲು ಅಂಗನವಾಡಿಯಲ್ಲಿ ಹೇಳಿಸಿ.

ಸ್ಟಾಫ್ ನರ್ಸ್, ತಾಲ್ಲೂಕು ಆಸ್ಪತ್ರೆ, ತುಮಕೂರು ಜಿಲ್ಲೆ:

ಟೀಚರ್, ನಿಮ್ಮ ಮೂರನೆಯ ಪ್ರಶ್ನೆಗೆ ನನ್ನ ಉತ್ತರ. ಮಗುವಿನ ತುರ್ತು ಚಿಕಿತ್ಸೆಯಲ್ಲಿ ಎಲ್ಲವೂ ತೂಕದ ಲೆಕ್ಕ. ಹೃದಯ ನಿಂತಾಗ ಕೊಡುವ ಅಡ್ರಿನಲಿನ್ ಕೆ.ಜಿ.ಗೆ 0.01 ಮಿಲಿಗ್ರಾಂ, ಮೂರರಿಂದ ಐದು ನಿಮಿಷಕ್ಕೊಮ್ಮೆ. ನಮ್ಮಲ್ಲಿ ಬರುವುದು 1 ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಇರುವ ಆಂಪ್ಯೂಲ್. ಅದನ್ನು 10 ಮಿಲಿಲೀಟರಿಗೆ ತೆಳು ಮಾಡಿಕೊಂಡು, 20 ಕೆ.ಜಿ. ಮಗುವಿಗೆ ಅದರಲ್ಲಿ 2 ಮಿಲಿಲೀಟರ್ ಕೊಡಬೇಕು. ತಾಯಿ ಬಾಗಿಲಲ್ಲಿ ಎದೆ ಬಡಿದುಕೊಳ್ಳುತ್ತಿರುವಾಗ, ವರ್ಷಕ್ಕೊಮ್ಮೆ ಕಾಣುವಂತಹ ಪ್ರಕರಣದಲ್ಲಿ, ತಲೆಯಲ್ಲೇ ಈ ಲೆಕ್ಕ ಹಾಕಬೇಕೆಂದರೆ ಒಂದು ಸೊನ್ನೆ ಅತ್ತಿತ್ತ ಆಗಲು ಎಷ್ಟು ಹೊತ್ತು? ಹತ್ತು ಪಟ್ಟು ಹೆಚ್ಚು, ಇಲ್ಲವೇ ಹತ್ತರಲ್ಲಿ ಒಂದು ಪಾಲು.

ಇದು ನಮ್ಮ ಊರುಗಳ ಬಡತನದ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತ ಸಾವಿರಕ್ಕೂ ಹೆಚ್ಚು ಮಕ್ಕಳ ಆಂಬುಲೆನ್ಸ್ ದಾಖಲೆಗಳನ್ನು ಪರಿಶೀಲಿಸಿ 2024ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಶೇಕಡ 60ರಷ್ಟು ಮಕ್ಕಳ ಆರೈಕೆಯಲ್ಲಿ ಕನಿಷ್ಠ ಒಂದು ಗಂಭೀರ ಲೋಪ ಕಂಡುಬಂದಿತ್ತು. ಅಡ್ರಿನಲಿನ್ ಕೊಡುವುದರಲ್ಲಿನ ಲೋಪವೇ ಎಲ್ಲಕ್ಕಿಂತ ಹೆಚ್ಚು, ನಂತರ ರಕ್ತನಾಳ ಸಿಗದಿರುವುದು, ಉಸಿರು ಕೊಡುವುದರಲ್ಲಿನ ದೋಷ. ನವಜಾತ ಶಿಶುಗಳಲ್ಲಿ ಲೋಪಗಳು ಅತಿ ಹೆಚ್ಚು. ಅಷ್ಟು ಸಲಕರಣೆ ಇರುವ ಕಡೆಯೇ ಹೀಗಾದರೆ, ಕಾರಣ ಸಿಬ್ಬಂದಿಯ ಉದಾಸೀನವೆಂದು ಹೇಳಿ ಮುಗಿಸಲಾಗದು. ಮಕ್ಕಳ ಇಂತಹ ಪ್ರಕರಣ ಅಪರೂಪ, ಕೈಗೆ ರೂಢಿಯಿಲ್ಲ, ಲೆಕ್ಕ ಪ್ರತಿ ಮಗುವಿಗೂ ಬೇರೆ.

ಅದಕ್ಕೆ ನಿಮ್ಮಿಂದ ಆಗುವ ಒಂದು ಕೆಲಸವಿದೆ. ಶಾಲೆಯ ಪ್ರತಿ ಮಗುವಿನ ತೂಕ ಬರೆದಿಟ್ಟು ಆಗಾಗ ತಿದ್ದುತ್ತಿರಿ. ಅಂಗನವಾಡಿಯಲ್ಲಿ ಹೇಗೂ ತೂಕ ಮಾಡುತ್ತಾರೆ. ಆಂಬುಲೆನ್ಸಿನವರ ಮುಂದೆ ಮೊದಲ ಮಾತು “ಆರು ವರ್ಷ, 18 ಕೆ.ಜಿ., ನೀರಿನಿಂದ ಎತ್ತಿ ಹತ್ತು ನಿಮಿಷ” ಎಂದಿರಲಿ. ತೂಕ ಗೊತ್ತಿಲ್ಲದಾಗ ನಾವು ವಯಸ್ಸಿಗೆ ನಾಲ್ಕು ಕೂಡಿಸಿ ಎರಡರಿಂದ ಗುಣಿಸುತ್ತೇವೆ. ಅದು ಅಂದಾಜು ಮಾತ್ರ, ನಮ್ಮ ಸಣಕಲು ಮಕ್ಕಳಿಗೆ ಹೆಚ್ಚೇ ಬರುತ್ತದೆ.

ಆಸ್ಪತ್ರೆಗೆ ಹೋದಾಗ ತಪ್ಪು ಹುಡುಕುವವರಂತೆ ಅಲ್ಲದೆ ಕೇಳಿ: ಕೂಸಿನ ಅಳತೆಯ ಮಾಸ್ಕ್, ಮಕ್ಕಳ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ತುರ್ತು ಟ್ರಾಲಿಯಲ್ಲೇ ಇವೆಯೇ, ಬೀರುವಿನಲ್ಲಿ ಬೀಗ ಹಾಕಿವೆಯೇ? ತೂಕಕ್ಕೆ ತಕ್ಕ ಔಷಧದ ಪಟ್ಟಿ ಗೋಡೆಯ ಮೇಲಿದೆಯೇ? ರಕ್ತನಾಳ ಸಿಗದಿದ್ದರೆ ಮೊಣಕಾಲ ಕೆಳಗಿನ ಮೂಳೆಯೊಳಗೆ ಹಾಕುವ ಸೂಜಿ ಇದೆಯೇ? ಇಂತಹ ಪ್ರಶ್ನೆಗಳನ್ನು ಊರಿನವರು ಕೇಳಿದ ಮೇಲೆ ಇಂಡೆಂಟ್ (ಸಾಮಗ್ರಿಯ ಬೇಡಿಕೆ ಪತ್ರ) ಬೇಗ ಮುಂದಕ್ಕೆ ಹೋಗುವುದನ್ನು ನಾನೇ ಕಂಡಿದ್ದೇನೆ.

ಒಬ್ಬ ತಂದೆ, ಶಿರಾ ಕಡೆ:

ಇದನ್ನು ಬರೆಯುವುದು ನನಗೆ ಸುಲಭವಲ್ಲ. ನಮ್ಮ ಕೂಸಿಗೆ ಎಂಟು ತಿಂಗಳು. ಎರಡು ದಿನದ ಕೆಮ್ಮು ಜ್ವರ, ರಾತ್ರಿ ಉಬ್ಬಸ. ಹತ್ತಿರದ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಮಕ್ಕಳ ವೈದ್ಯರಿಲ್ಲವೆಂದರು, ಆಮ್ಲಜನಕವನ್ನೂ ಹಚ್ಚದೆ ಮುಂದಕ್ಕೆ ಕಳುಹಿಸಿದರು. ಎರಡನೆಯ ಕಡೆ ತಲುಪುವ ಮುಂಚೆ ಕೂಸಿನ ಉಸಿರು ನಿಂತಿತ್ತು.

ಆಮೇಲೆ ಮಕ್ಕಳ ತಜ್ಞರೊಬ್ಬರು ಕುಳಿತು ವಿವರಿಸಿದರು. ಮಕ್ಕಳ ಹೃದಯ ಬಹುಪಾಲು ಎಚ್ಚರಿಕೆ ಕೊಟ್ಟೇ ನಿಲ್ಲುತ್ತದೆಯಂತೆ. ಉಸಿರೆಳೆದಾಗ ಪಕ್ಕೆಲುಬುಗಳ ನಡುವೆ ಗುಳಿ ಬೀಳುವುದು, ಮೂಗಿನ ಹೊಳ್ಳೆ ಅರಳುವುದು, ಪ್ರತಿ ಉಸಿರಿಗೂ ನರಳುವುದು, ಹಾಲು ಬಿಡುವುದು, ತುಟಿ ನೀಲಿಯಾಗುವುದು. ಅಳುತ್ತಿದ್ದ ಕೂಸು ದಣಿದು ತೂಕಡಿಸತೊಡಗಿದರೆ ವಾಸಿಯಾಯಿತೆಂದು ತಿಳಿಯಬೇಡಿ, ಅದೇ ಅತ್ಯಂತ ಕೆಟ್ಟ ಲಕ್ಷಣ. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಮಕ್ಕಳ ವೈದ್ಯರು, ಆಮ್ಲಜನಕ ಎರಡೂ ಇರುವ ಆಸ್ಪತ್ರೆ ಯಾವುದು ಎಂದು ಇಂದೇ ವಿಚಾರಿಸಿ, ನಂಬರನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಅಲೆಯುವ ಗತಿ ಯಾರಿಗೂ ಬಾರದಿರಲಿ.

ರೈತ, ಶ್ರೀನಿವಾಸಪುರ:

ಕೆರೆಯ ಮಾತಾಡುವವರು ಕೃಷಿ ಹೊಂಡ ಮರೆಯಬೇಡಿ ತಾಯಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಪಾಚಿ ಕಟ್ಟಿದರೆ ದೊಡ್ಡ ಆಳಿಗೂ ಹತ್ತಿ ಬರಲಾಗದು. ಮಗುವಿನ ಹಿಂದೆ ಇಳಿದ ತಾಯಂದಿರೂ ಹೋದದ್ದಿದೆ. ಸುತ್ತ ಬೇಲಿ ಇರಲಿ. ಗಂಟು ಹಾಕಿದ ಹಗ್ಗವನ್ನು ದಂಡೆಯ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡಿ, ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬ್ ಒಂದು ಪಕ್ಕದಲ್ಲಿರಲಿ. ಈಜು ಬಾರದವರು ಹಾರಬೇಡಿ, ಹಗ್ಗ ಎಸೆಯಿರಿ.

ಶಿಡ್ಲಘಟ್ಟದ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ಶಿರಾದ ಅಣ್ಣನಿಗೆ ಏನು ಹೇಳಲಿ, ನಿಮ್ಮ ಮಾತುಗಳನ್ನು ಪೋಷಕರ ಸಭೆಯಲ್ಲಿ ಓದುತ್ತೇನೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ)ಯವರಲ್ಲಿ ಎರಡು ಅಂಜಿಕೆಗಳಿವೆ. ಪಕ್ಕೆಲುಬು ಮುರಿದರೆ? ಮಗು ಉಳಿಯದಿದ್ದರೆ ಮುಟ್ಟಿದವರ ಮೇಲೆ ಕೇಸಾದರೆ?

ಆಂಬುಲೆನ್ಸ್ ತಂತ್ರಜ್ಞ, ಕೋಲಾರ ಜಿಲ್ಲೆ:

ಮಕ್ಕಳ ಪಕ್ಕೆಲುಬು ಬಾಗುವಂಥದ್ದು, ಮುರಿಯುವುದು ವಿರಳ. ಮುರಿದರೂ ಕೂಡುತ್ತದೆ. ಕಾನೂನಿನ ಭಯ ಬೇಡ. ತುರ್ತಿನಲ್ಲಿ ಸದುದ್ದೇಶದಿಂದ ನೆರವಾದವರನ್ನು ರಕ್ಷಿಸಲು ಕರ್ನಾಟಕದಲ್ಲಿ 2016ರ ಪ್ರತ್ಯೇಕ ಕಾಯ್ದೆಯೇ ಇದೆ.

ದೈಹಿಕ ಶಿಕ್ಷಕ, ಗುಬ್ಬಿ:

ನಮ್ಮ ಪ್ರೌಢಶಾಲೆಯಲ್ಲಿ ತರಬೇತಿ ಮಾಡಿಸಿದ ಅನುಭವದಿಂದ ಹೇಳುತ್ತೇನೆ. ಕಲಿಸಲು ಬರುವವರಿಗೆ ಮುಂಚೆಯೇ ಹೇಳಿ: ಮಗುವಿನ ಬೊಂಬೆ, ಕೂಸಿನ ಬೊಂಬೆ ಎರಡನ್ನೂ ತನ್ನಿ, ಉಸಿರು ಕೊಡುವುದನ್ನೂ ಕಲಿಸಿ. ಇಲ್ಲವಾದರೆ ದೊಡ್ಡವರ ಬೊಂಬೆಯೊಂದನ್ನು ತಂದು, ಭಾಷಣ ಮಾಡಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಪ್ರತಿಯೊಬ್ಬರೂ ಎರಡು ನಿಮಿಷ ಒತ್ತಬೇಕು. ಸೊಂಟ ಬಿಗಿಯಾಗಿ ಬೆವರು ಬಂದಾಗಲೇ, ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು ಎನ್ನುವುದು ಅರ್ಥವಾಗುವುದು. ಅಡುಗೆಯವರನ್ನು, ಕುರಿ ಮೇಯಿಸುವವರನ್ನು, ಏರಿಯ ಬಳಿ ಬಟ್ಟೆ ಒಗೆಯಲು ಬರುವ ಹೆಂಗಸರನ್ನು ಮುಖ್ಯವಾಗಿ ಕರೆಯಿರಿ. ಮಗು ಬಿದ್ದಾಗ ಅಲ್ಲಿರುವವರು ಅವರೇ, ನಾವಲ್ಲ. ಕೆಲವು ತಿಂಗಳಿಗೊಮ್ಮೆ ಮತ್ತೆ ಅಭ್ಯಾಸ ಮಾಡಿಸದಿದ್ದರೆ ಮರೆತುಹೋಗುತ್ತದೆ.

ಎಇಡಿ, ಅಂದರೆ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ, ಎಲ್ಲಾದರೂ ಸಿಕ್ಕರೆ ಬಳಸಿ. ಮಕ್ಕಳ ಪ್ಯಾಡ್ ಇಲ್ಲದಿದ್ದರೆ ದೊಡ್ಡವರದ್ದನ್ನೇ ಒಂದು ಎದೆಗೆ, ಒಂದು ಬೆನ್ನಿಗೆ ಅಂಟಿಸಬಹುದು. ಆದರೆ ಮುಳುಗಿದ ಮಗುವಿನ ವಿಷಯದಲ್ಲಿ ಯಂತ್ರ ಬರಲಿ ಎಂದು ಉಸಿರು ಕೊಡುವುದನ್ನು ತಡ ಮಾಡಬೇಡಿ.

ಸ್ಟಾಫ್ ನರ್ಸ್, ತುಮಕೂರು ಜಿಲ್ಲೆ:

ಒಂದು ಮಾತು ಬಿಟ್ಟುಹೋಗಿತ್ತು. ಮಗು ಉಸಿರಾಡಲು ಆರಂಭಿಸಿದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಹೊದಿಸಿ, ಕಣ್ಣು ಬೇರೆಡೆಗೆ ಹೊರಳಿಸದೆ ಉಸಿರನ್ನೇ ನೋಡುತ್ತಿರಿ, ಮತ್ತೆ ನಿಲ್ಲಬಹುದು. ಕಾಫಿ, ನೀರು ಏನನ್ನೂ ಕುಡಿಸಬೇಡಿ. ಎದ್ದು ಕುಳಿತು ಮಾತಾಡಿದರೂ ಮನೆಗೆ ಕರೆದೊಯ್ಯಬೇಡಿ. ನೀರು ಸೇರಿದ ಶ್ವಾಸಕೋಶ ಕೆಲವು ಗಂಟೆಗಳ ನಂತರ ಕೆಡಬಹುದು, ಆದ್ದರಿಂದ ಆಸ್ಪತ್ರೆಯಲ್ಲಿ ನಿಗಾ ಇಡಲೇಬೇಕು.