ಅಪ್‌ಡೇಟ್: ಕಡಲೆ ಹೊಲದಲ್ಲಿ ಸಿಕ್ಕ ಕೃಷ್ಣಮೃಗದ ಮರಿ

ಯಲಬುರ್ಗಾ ಕಡೆಯ ನಮ್ಮ ಹೊಲದಲ್ಲಿ ಕಡಲೆ ಕೀಳುವಾಗ ಒಂಟಿ ಜಿಂಕೆಮರಿ ಕಂಡಿತ್ತು, ಏನು ಮಾಡಲಿ ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ಮರಿ ತಾಯಿಯ ಜೊತೆ ಹೋಯಿತು!

ಫಲಿಸಿದ್ದು "ಮುಟ್ಟಬೇಡಿ, ಸುತ್ತಲಿನ ಸಾಲುಗಳನ್ನು ಕೀಳದೆ ಬಿಡಿ, ನಾಯಿ ಕಟ್ಟಿಹಾಕಿ" ಎಂಬ ಸಲಹೆ. ಬಿಸಿಲಿಗೆ ಸೀರೆಯ ನೆರಳು ಕಟ್ಟಿ ಎಂದವರ ಮಾತು ಕೈಕೊಟ್ಟಿತು: ಬಟ್ಟೆ ಪಟಪಟಿಸುತ್ತಿದ್ದಷ್ಟು ಹೊತ್ತೂ ತಾಯಿ ದೂರದ ಬದುವಿನಲ್ಲೇ ನಿಂತಿತ್ತು. ಬಿಚ್ಚಿದ ಮೇಲೆ ಸಂಜೆ ಬಂದು ಹಾಲೂಡಿಸಿತು. ಆಕಳ ಹಾಲಿನ ಬಾಟಲಿಯ ಗೋಜಿಗೆ ನಾನು ಹೋಗಲಿಲ್ಲ, ಹಾಲು ಶ್ವಾಸಕೋಶಕ್ಕಿಳಿದರೆ ಮರಿ ಉಳಿಯುವುದೇ ಕಷ್ಟ.

ಅರಣ್ಯ ಸಿಬ್ಬಂದಿ ಹೇಳಿದ್ದು ಕೇಳಿ ಬೆರಗಾದೆ. ಮರಿಯ ಮೈವಾಸನೆ ತೀರಾ ಕಡಿಮೆಯಂತೆ. ತಾಯಿ ಅದನ್ನು ನೆಕ್ಕಿ ಸ್ವಚ್ಛಮಾಡಿ, ತೋಳಕ್ಕೆ ಸುಳಿವು ಸಿಗದಿರಲೆಂದೇ ದೂರ ಮೇಯುತ್ತದೆ. ಒಂಟಿಯಾಗಿರುವ ಮರಿ ಅನಾಥವೇ ಆಗಿರಬೇಕಿಲ್ಲ. ಎಡೆಬಿಡದೆ ಕೂಗುತ್ತಿದ್ದರೆ, ಗಾಯವಾಗಿದ್ದರೆ, ನೊಣ ಮುತ್ತಿದ್ದರೆ ಮಾತ್ರ ಕರೆ ಮಾಡಿ ಎಂದರು. ಮನೆಗೊಯ್ದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಬಿಟ್ಟ ಸಾಲುಗಳ ಕಡಲೆಯನ್ನು ಆಮೇಲೆ ಕಿತ್ತೆವು. ದೊಡ್ಡ ಹಿಂಡು ಅದಾಗಲೇ ಅರ್ಧ ತಿಂದಿತ್ತು, ಅದಕ್ಕೆ ಬೇರೆಯೇ ಪ್ರಶ್ನೆ ಕೇಳುತ್ತೇನೆ.