ಪದಚರ್ಚೆ: ಒತ್ತುವ ಪರದೆ, ತಾಗುವ ಪರದೆ

ಬಳಗದ ಎಲ್ಲರಿಗೂ ಕಾಸರಗೋಡಿನಿಂದ ನಮಸ್ಕಾರ.

ನಮ್ಮ ಕನ್ನಡ ಮಾಧ್ಯಮ ಶಾಲೆಯ ಶಾಸ್ತ್ರಮೇಳಕ್ಕಾಗಿ (ವಿಜ್ಞಾನ ಮೇಳಕ್ಕೆ ಕೇರಳದ ಶಾಲೆಗಳಲ್ಲಿ ಹೀಗೆಯೇ ಹೆಸರು) ಹಳೆಯ ಮೊಬೈಲುಗಳನ್ನು ಸಾಲಾಗಿಟ್ಟು, ಒಂದೊಂದರ ಪಕ್ಕದಲ್ಲಿಯೂ ಕನ್ನಡದ ವಿವರಣೆಯ ಚೀಟಿಯನ್ನು ಇಡಬೇಕೆಂದಿದ್ದೇವೆ. 2007ರ ಮೊದಲ ಐಫೋನ್ ಮತ್ತು 2008ರ ನೋಕಿಯಾ 5800 ಇವೆರಡರ ಚೀಟಿಗಳನ್ನು ಬರೆಯುವಾಗ ಕೆಲವು ಪದಗಳ ವಿಷಯದಲ್ಲಿ ತೊಡಕು ಬಂದಿರುವುದರಿಂದ ತಿಳಿದವರ ಅಭಿಪ್ರಾಯವನ್ನು ಕೋರುತ್ತಿದ್ದೇನೆ.

ಮುಖ್ಯವಾದ ತೊಡಕು ಪರದೆಯದು. 'ಸ್ಪರ್ಶಪರದೆ' ಎಂಬ ಪದ ಪತ್ರಿಕೆಗಳಲ್ಲಿ ಚೆನ್ನಾಗಿ ಬೇರೂರಿದೆ, ಅದನ್ನು ಅಲುಗಾಡಿಸುವ ಉದ್ದೇಶ ನನಗಿಲ್ಲ. ಆದರೆ ಈ ಎರಡು ಫೋನುಗಳನ್ನು ಅಕ್ಕಪಕ್ಕದಲ್ಲಿ ಇಡುವುದೇ ಯಾವ ವ್ಯತ್ಯಾಸವನ್ನು ತೋರಿಸಲಿಕ್ಕೋ ಆ ವ್ಯತ್ಯಾಸ ಈ ಪದದೊಳಗೆ ಮುಚ್ಚಿಹೋಗುತ್ತದೆ. ನೋಕಿಯಾದ 3.2 ಇಂಚಿನ ಪರದೆಯಲ್ಲಿ ವಿದ್ಯುತ್ ಹರಿಯಬಲ್ಲ ಲೇಪವಿರುವ ಎರಡು ಪಾರದರ್ಶಕ ಪದರಗಳು ಅತಿ ಸಣ್ಣ ಅಂತರದಲ್ಲಿರುತ್ತವೆ. ಮೇಲಿನದನ್ನು ಒತ್ತಿದಾಗ ಅದು ಬಾಗಿ ಕೆಳಗಿನದಕ್ಕೆ ಕೂಡಿಕೊಳ್ಳುತ್ತದೆ, ಕೂಡಿದ ಜಾಗ ಯಾವುದೆಂಬುದನ್ನು ಫೋನು ವೋಲ್ಟೇಜಿನಿಂದ ಲೆಕ್ಕಹಾಕುತ್ತದೆ. ಒತ್ತುವುದು ಬೆರಳೇ ಆಗಬೇಕೆಂದಿಲ್ಲ, ಉಗುರಾದರೂ ಹಿಡಿಸೂಡಿಯ (ಪೊರಕೆಯ) ಕಡ್ಡಿಯಾದರೂ ಸಾಕು. ಐಫೋನಿನ 3.5 ಇಂಚಿನ ಗಾಜಿನಲ್ಲಿ ಹೀಗೆ ಬಾಗುವುದು ಏನೂ ಇಲ್ಲ. ಬೆರಳು ತಾಗಿದ ಕಡೆ ಗಾಜಿನಡಿಯ ವಾಹಕಜಾಲದ ವಿದ್ಯುದಾವೇಶ ಬದಲಾಗುತ್ತದೆ, ಎರಡು ಬೆರಳುಗಳು ತಾಗಿದರೆ ಎರಡನ್ನೂ ಫೋನು ಬೇರೆಬೇರೆಯಾಗಿ ಗುರುತಿಸುತ್ತದೆ. ಚಿತ್ರವನ್ನು ಬೆರಳುಗಳಿಂದ ಹಿಗ್ಗಿಸುವುದು ಅದರಿಂದಲೇ ಸಾಧ್ಯವಾದದ್ದು. ಉಗುರಿನ ತುದಿಯಿಂದ ಎಷ್ಟು ಕುಟ್ಟಿದರೂ ಅದು ಜಪ್ಪಯ್ಯ ಎನ್ನುವುದಿಲ್ಲ.

ಭೌತಶಾಸ್ತ್ರದ ಪರಿಭಾಷೆಯನ್ನು ಹಿಡಿದು ಹೊರಟರೆ ಇವನ್ನು ಕ್ರಮವಾಗಿ 'ರೋಧಕ ಪರದೆ' (ರೆಸಿಸ್ಟಿವ್), 'ಧಾರಕ ಪರದೆ' (ಕೆಪ್ಯಾಸಿಟಿವ್) ಎನ್ನಬೇಕಾಗುತ್ತದೆ. ರೋಧಕ ಪರದೆಯೆಂದು ಬರೆದರೆ ನೀರನ್ನೋ ಬೆಳಕನ್ನೋ ತಡೆಯುವ ಪರದೆಯೆಂದೇ ಓದುಗರು ತಿಳಿದಾರು. ಆದ್ದರಿಂದ ಬೆರಳು ಮಾಡುವ ಕೆಲಸವನ್ನೇ ಆಧರಿಸಿ 'ಒತ್ತುಪರದೆ', 'ತಾಗುಪರದೆ' ಎಂದು ಬರೆದಿದ್ದೇನೆ. ಬೀಸುಕಲ್ಲು, ಕಡೆಗೋಲು ಎಂಬಲ್ಲಿಯಂತೆ ಧಾತುವಿನ ಮುಂದೆ ನಾಮಪದವನ್ನು ಇರಿಸುವುದು ನಮ್ಮಲ್ಲಿ ಹಳೆಯ ದಾರಿ. 'ಪರದೆ' ಫಾರಸಿಯಿಂದ ಬಂದದ್ದಾದ್ದರಿಂದ ಅರಿಸಮಾಸ (ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಮಾಡುವ ಒಪ್ಪದ ಸಮಾಸ) ಎಂಬ ಆಕ್ಷೇಪವೂ ಏಳಲಾರದು. 'ಮುಟ್ಟುಪರದೆ' ಏಕಲ್ಲವೆಂದು ಕೇಳುವವರಿಗೆ ಇಷ್ಟೇ ಹೇಳಬಲ್ಲೆ: 'ಮುಟ್ಟು' ನಾಮಪದವಾದಾಗ ಬರುವ ಅರ್ಥ ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತಿದೆ, ಚೀಟಿಯ ಮುಂದೆ ನಿಂತು ಅವರು ಪಾಠ ಕಲಿಯುವ ಬದಲು ಮುಸಿಮುಸಿ ನಗುತ್ತಾರೆ.

ಇನ್ನೊಂದು ಸಂಗತಿಯೆಂದರೆ, ನಮ್ಮ ಪೇಟೆಯ ರಿಪೇರಿ ಅಂಗಡಿಗಳಲ್ಲಿ 'ಟಚ್ ಹೋಗಿದೆ, ಡಿಸ್‌ಪ್ಲೇ ಸರಿ ಉಂಟು' ಎನ್ನುತ್ತಾರೆ. ಹಳೆಯ ಅನೇಕ ಫೋನುಗಳಲ್ಲಿ ಬೆರಳನ್ನು ಗ್ರಹಿಸುವ ಫಲಕವೂ ಚಿತ್ರ ಮೂಡಿಸುವ ಫಲಕವೂ ಬೇರೆಬೇರೆ ಭಾಗಗಳಾಗಿದ್ದು, ಒಂದನ್ನೇ ಬದಲಾಯಿಸಲು ಬರುತ್ತಿತ್ತು. ಅಂಗಡಿಯವರ ಈ ವಿಂಗಡಣೆ ನಮ್ಮ ಗ್ರಾಂಥಿಕ ಪದಕ್ಕಿಂತ ನಿಖರವಾಗಿದೆಯೆಂದೇ ನನ್ನ ಭಾವನೆ.

ನೋಕಿಯಾದ ಹಿಂಬದಿಯಲ್ಲಿ ಸಿಕ್ಕಿಸಿಟ್ಟಿರುವ ಸಣ್ಣ ಕಡ್ಡಿಗೆ, ಅಂದರೆ ಸ್ಟೈಲಸ್‌ಗೆ, 'ಕಂಠ' ಎನ್ನಬಹುದೇ? ತಾಳೆಗರಿಯಲ್ಲಿ ಅಕ್ಷರ ಕೊರೆಯುವ ಕಬ್ಬಿಣದ ಲೇಖನಿಗೆ ಕನ್ನಡದಲ್ಲಿ ಇದೇ ಹೆಸರಿದೆ, ಮಲಯಾಳದಲ್ಲಿ ಅದು ನಾರಾಯಂ. ಅದೂ ಒತ್ತಿಯೇ ಬರೆಯುವ ಸಾಧನವಾದ್ದರಿಂದ ಒತ್ತುಪರದೆಗೆ ಒಪ್ಪುತ್ತದೆ. ಆದರೆ ಕೊರಳಿನ ಅರ್ಥವೇ ಇಂದು ಮುಂದಾಗಿರುವುದರಿಂದ 'ಬರೆಗಡ್ಡಿ' ಎಂದರೆ ವಾಸಿಯೋ ಏನೋ.

ಗುಂಡಿಯ ವಿಷಯ ಸ್ವಲ್ಪ ತಮಾಷೆಯದು. ಈ ಕಡೆ ಅಂಗಿಗೆ ಇರುವುದು ಗುಬ್ಬಿ. ಗುಂಡಿಯೆಂದರೆ ಮೊದಲು ನೆನಪಾಗುವುದು ತೆಂಗಿನ ಸಸಿ ನೆಡುವ ಹೊಂಡ. ಐಫೋನಿನ ಮುಖದ ಮೇಲಿನ ಹೋಮ್ ಬಟನ್ ಮಾತ್ರ ನಡುವೆ ತಗ್ಗಾಗಿರುವುದರಿಂದ ಎರಡೂ ಅರ್ಥಗಳಲ್ಲಿ ಗುಂಡಿಯೇ! ಎಡಬದಿಯಲ್ಲಿ ರಿಂಗಣದ ಸದ್ದನ್ನು ಅಡಗಿಸುವ ಕೀಲು ಒತ್ತುವಂಥದ್ದಲ್ಲ, ಸರಿಸುವಂಥದ್ದು. ಅದಕ್ಕೆ 'ಅಗುಳಿ' ಎಂದಿಟ್ಟಿದ್ದೇನೆ. ಹೆಡ್‌ಫೋನ್ ಜ್ಯಾಕ್, ಸ್ಪೀಕರ್, 2 ಮೆಗಾಪಿಕ್ಸೆಲ್‌ನ ಕ್ಯಾಮರಾ ಇವನ್ನೆಲ್ಲ ಇದ್ದಂತೆಯೇ ಬಿಟ್ಟಿದ್ದೇನೆ.

ಕೊನೆಯದು ಐಫೋನಿನೊಳಗಿನ ಆಕ್ಸಿಲರೊಮೀಟರ್. 'ವೇಗೋತ್ಕರ್ಷಮಾಪಕ' (ವೇಗ ಬದಲಾಗುವ ದರವನ್ನು ಅಳೆಯುವ ಸಾಧನ) ಶಾಸ್ತ್ರೀಯವಾಗಿ ಸರಿ. ಆದರೆ ಫೋನನ್ನು ಅಲುಗಾಡಿಸದೆ ಅಡ್ಡ ಹಿಡಿದು ನಿಂತಾಗಲೂ ಚಿತ್ರ ಅಡ್ಡ ತಿರುಗಿರುತ್ತದಲ್ಲ, ಅಲ್ಲಿ ಎಲ್ಲಿಯ ವೇಗೋತ್ಕರ್ಷವೆಂದು ಮಕ್ಕಳು ಕೇಳುತ್ತಾರೆ. ನಿಶ್ಚಲವಾಗಿರುವಾಗ ಆ ಉಪಕರಣ ಗುರುತಿಸುವುದು ಗುರುತ್ವದ ದಿಕ್ಕನ್ನು, ಅಂದರೆ ಫೋನು ಯಾವ ಕಡೆಗೆ ವಾಲಿದೆಯೆಂಬುದನ್ನು. ಅದೇ ಫೋನಿನಲ್ಲಿ ಕಿವಿಯ ಹತ್ತಿರ ಹಿಡಿದಾಗ ಪರದೆಯನ್ನು ಆರಿಸುವುದಕ್ಕೆ 'ಸಾಮೀಪ್ಯ ಸಂವೇದಕ', ಸುತ್ತಲಿನ ಬೆಳಕಿಗೆ ತಕ್ಕಂತೆ ಪರದೆಯ ಹೊಳಪನ್ನು ಹೊಂದಿಸುವುದಕ್ಕೆ 'ಬೆಳಕಿನ ಸಂವೇದಕ' ಎಂದು ಬರೆದಿರುವುದರಿಂದ, ಇದನ್ನೂ 'ವಾಲಿಕೆಯ ಸಂವೇದಕ' ಎಂದರೆ ಚೀಟಿಯ ಮಟ್ಟಿಗೆ ನಡೆದೀತೇ, ಅಥವಾ ಮುಂದೆ ಪದವಿ ತರಗತಿಗೆ ಹೋಗುವ ಮಗುವಿಗೆ ಅದರಿಂದ ಗೊಂದಲವಾದೀತೇ? ವಿಜ್ಞಾನ ಬರೆಯುವವರು ದಯವಿಟ್ಟು ತಿಳಿಸಬೇಕು. ಹಾಗೆಯೇ ನಮ್ಮಂತೆ ಕರ್ನಾಟಕದ ಗಡಿಯಾಚೆ ಇರುವ ಅಕ್ಕಲಕೋಟೆ, ಹೊಸೂರು, ತಾಳವಾಡಿ, ಮಡಕಶಿರಾ ಕಡೆಯ ಕನ್ನಡಿಗರು ಯಾರಾದರೂ ಈ ಬಳಗದಲ್ಲಿದ್ದರೆ, ಫೋನಿನ ಬಟನ್ನಿಗೆ ತಮ್ಮ ಮನೆಮಾತಿನಲ್ಲಿ ಏನನ್ನುತ್ತಾರೆಂಬುದನ್ನೂ ಬರೆಯಬೇಕೆಂದು ವಿನಂತಿ.