ಬಾಲ್ದಕ್ಕೀನೊ: ಮೇಲ್ಕಟ್ಟೋ, ಮಂಟಪವೋ?

ಬಲ್ಲವರಲ್ಲಿ ಒಂದು ಪ್ರಶ್ನೆ.

ರೋಮಿನ ಸಂತ ಪೇತ್ರರ ಬೆಸಿಲಿಕಾ ಎಂಬ ದೊಡ್ಡ ಚರ್ಚಿನ ಒಳಗೆ ತೆಗೆದ ಫೋಟೊಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯುತ್ತಿದ್ದೇನೆ. ಗುಮ್ಮಟ, ಕಮಾನು, ಬಲಿಪೀಠ ಎಲ್ಲವೂ ಸಲೀಸಾಗಿ ಬಂದವು. ತಡವರಿಸಿದ್ದು ಗುಮ್ಮಟದ ನೇರ ಕೆಳಗೆ, ಬಲಿಪೀಠಕ್ಕೆ ನೆರಳಾಗಿ ನಿಂತಿರುವ, ಶಿಲ್ಪಿ ಬೆರ್ನಿನಿಯ ಕಂಚಿನ ಬಾಲ್ದಕ್ಕೀನೊ ಬಳಿ ಬಂದಾಗ.

ನಾಲ್ಕು ನುಲಿದ ಕಂಬ, ಮೇಲೊಂದು ಚಾವಣಿ, ಅದರ ಅಂಚಿನಲ್ಲಿ ಇಳಿಬಿದ್ದ ಕುಚ್ಚುಗಳು. ಕುಚ್ಚೂ ಕಂಚೇ! 1623ರಲ್ಲಿ ಶುರುವಾದ ಕೆಲಸ 1634ರ ವರೆಗೆ ನಡೆಯಿತು. ಎತ್ತರ ಸುಮಾರು 29 ಮೀಟರ್. ಆದರೆ ಫೋಟೊದಲ್ಲಿ ನೋಡಿದರೆ ಮೇಜಿನ ಮೇಲಿಡುವ ಆಟಿಕೆಯಂತೆ ಕಾಣುತ್ತದೆ. ಕಂಬದ ಬುಡದಲ್ಲಿ ಒಬ್ಬ ಮನುಷ್ಯ ನಿಂತಿದ್ದರೆ ಮಾತ್ರ ಅದರ ಅಳತೆ ತಿಳಿಯುವುದು. (ಅಲ್ಲಿ ಟ್ರೈಪಾಡ್ ಇಡುವಂತಿಲ್ಲ, ಫ್ಲ್ಯಾಷ್ ಹಾಕುವಂತಿಲ್ಲ. ಹಾಕಿದರೂ ಅಷ್ಟೆತ್ತರಕ್ಕೆ ಅದರ ಬೆಳಕು ಎಲ್ಲಿ ತಲುಪೀತು!)

ಇದಕ್ಕೆ ಕನ್ನಡದಲ್ಲಿ ನನಗೆ ಮೊದಲು ಹೊಳೆದದ್ದು 'ಮೇಲ್ಕಟ್ಟು'. ಗೆಳೆಯರೊಬ್ಬರು ಒಪ್ಪಲಿಲ್ಲ: "ಮೇಲ್ಕಟ್ಟು ಅಂದ್ರೆ ಬಟ್ಟೆ ಕಣಯ್ಯಾ, ಹಬ್ಬ ಮುಗಿದ ಮೇಲೆ ಬಿಚ್ಚಿ ಮಡಚಿಡೋದು. ಇದನ್ನ ಯಾರು ಮಡಚ್ತಾರೆ?" ಅವರ ಆಯ್ಕೆ 'ಮಂಟಪ'.

ಆದರೆ ಇಟಾಲಿಯನ್ ಪದದ ಹುಟ್ಟನ್ನೇ ನೋಡಿ. ಬಾಲ್ದಾಕ್ಕೊ ಎಂದರೆ ಬಾಗ್ದಾದಿಗೆ ಇಟಲಿಯವರು ಹಿಂದೆ ಹೇಳುತ್ತಿದ್ದ ಹೆಸರು. ಆ ಊರಿನ ಹೆಸರಲ್ಲಿ ಬಂದ ರೇಷ್ಮೆ ಬಟ್ಟೆಗೂ ಅದೇ ಹೆಸರಾಯಿತು. ಅಂಥ ಬಟ್ಟೆಯನ್ನು ಸಿಂಹಾಸನದ ಮೇಲೆ, ಬಲಿಪೀಠದ ಮೇಲೆ ಕಟ್ಟುತ್ತಿದ್ದರಿಂದ ಕೊನೆಗೆ ಆ ಕಟ್ಟಿಗೂ. ಅಲ್ಲಿಯೂ ಬಟ್ಟೆಯ ಹೆಸರೇ ಕಂಚಿಗೆ ದಾಟಿದೆ. ಬೆರ್ನಿನಿಯೂ ಅದು ಬಟ್ಟೆ ಎಂದೇ ನಟಿಸಿದ್ದಾನೆ: ಅಂಚಿನ ಪಟ್ಟಿಗಳು ಗಾಳಿಗೆ ಅಲುಗಾಡುವಂತಿವೆ, ಅವುಗಳ ಮೇಲೆ ಪೋಪ್ ಎಂಟನೆಯ ಅರ್ಬನ್‌ನ ಮನೆತನದ ಲಾಂಛನವಾದ ಜೇನುಹುಳುಗಳು ಕಸೂತಿಯಂತೆ ಕೂತಿವೆ. ಮಂಟಪ ಎಂದುಬಿಟ್ಟರೆ ಈ ಆಟವೆಲ್ಲ ಹೋಗುತ್ತದೆ. 'ವಿತಾನ'ವನ್ನೂ ಯೋಚಿಸಿದೆ, ಆದರೆ ದೇಗುಲದ ಶಿಲ್ಪದ ಬಗ್ಗೆ ಓದಿದವರಿಗೆ ಅದು ಒಳಚಾವಣಿ, ಕಣ್ಣು ಸೀದಾ ಗುಮ್ಮಟಕ್ಕೇ ಹೋದೀತು.

ಇನ್ನೊಂದು ಸಣ್ಣ ತೊಡಕು 'ನೇವ್'. ಬಾಗಿಲಿನಿಂದ ಬಲಿಪೀಠದತ್ತ ಸಾಗುವ ನಡುವಿನ ಉದ್ದ ಭಾಗ. ಲ್ಯಾಟಿನ್ನಿನಲ್ಲಿ ಹಡಗು ಎಂಬ ಅರ್ಥದ 'ನಾವಿಸ್' ಇದರ ಮೂಲ, ಅಂದರೆ ನಮ್ಮ 'ನಾವೆ'ಗೆ ದೂರದ ನೆಂಟ. ಆಸೆಯೇನೋ ಆಯಿತು, ಆದರೆ "ನಾವೆಯಲ್ಲಿ ನಿಂತು ತೆಗೆದ ಚಿತ್ರ" ಎಂದು ಬರೆದರೆ ಓದುವವರು ನೀರು ಹುಡುಕುತ್ತಾರೆ. 'ನಡುವಂಕಣ' ಎಂದರೆ ಕಂಬಗಳ ನಡುವಿನ ಒಂದು ಚೌಕವಷ್ಟೇ ಆದೀತು. ಸದ್ಯಕ್ಕೆ 'ನಡುಸಾಲೆ' ಎಂದು ಬರೆದಿದ್ದೇನೆ, ಅದರ ಎರಡು ಮಗ್ಗುಲಿನವು 'ಪಕ್ಕಸಾಲೆ'ಗಳು. ಇದಕ್ಕಿಂತ ಒಳ್ಳೆಯದಿದ್ದರೆ ಬದಲಿಸುತ್ತೇನೆ.

ಮೇಲ್ಕಟ್ಟಿನ ವಿಷಯ ಮಾತ್ರ ಇತ್ಯರ್ಥವಾಗಬೇಕು. ಮರದ್ದೋ ಲೋಹದ್ದೋ ಆದ, ಬಿಚ್ಚಲಾಗದ ಕಟ್ಟಣೆಯನ್ನು ಮೇಲ್ಕಟ್ಟು ಎಂದು ಕರೆದದ್ದನ್ನು ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ, ಇಲ್ಲವೇ ಹಳೆಯ ಬರಹಗಳಲ್ಲಿ ಕಂಡಿದ್ದೀರಾ?